ಓದುಗರ ಪ್ರಶ್ನೆ: ಅಪ್ರೆಂಟಿಸ್ ಅಂತ ಸೇರಿಸಿಕೊಂಡು ಬರೀ ರಿಜಿಸ್ಟರ್ ಬರೆಸ್ತಿದ್ದಾರೆ!

ಪ್ರಶ್ನೆ: ಮೆಕ್ಯಾನಿಕಲ್ ಓದು ಮುಗಿಸಿ ಒಂದು ದೊಡ್ಡ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದ್ದೇನೆ. ಮೊದಲು ವೈಸ್ (ತುಂಡನ್ನು ಬಿಗಿಯಾಗಿ ಹಿಡಿಯುವ ಸಾಧನ) ಮುಂದೆ ನಿಲ್ಲಿಸಿ ದಿನವಿಡೀ ಫೈಲಿಂಗ್, ಅಂದರೆ ಅರದಿಂದ ಲೋಹ ಉಜ್ಜುವ ಕೆಲಸ, ಮಾಡಿಸಿದರು. ಈಗ ಪಾರ್ಟ್‌ಗಳ ಅಳತೆ ನೋಡುವ ಇನ್‌ಸ್ಪೆಕ್ಷನ್‌ನಲ್ಲಿ ಕೂರಿಸಿ ರಿಜಿಸ್ಟರ್ ಬರೆಸುತ್ತಿದ್ದಾರೆ. ಸಣ್ಣ ವರ್ಕ್‌ಶಾಪ್ ಸೇರಿದ ನನ್ನ ಸ್ನೇಹಿತ ಆಗಲೇ ಮೆಷಿನ್ ಓಡಿಸುತ್ತಿದ್ದಾನೆ. ನಾನು ಟೈಮ್ ವೇಸ್ಟ್ ಮಾಡ್ತಿದ್ದೀನಾ?

ಉತ್ತರ: ಇಲ್ಲ. ಆದರೆ ಹೇಳಿದಷ್ಟು ಮಾಡಿ ಸುಮ್ನೆ ಕೂತರೆ ವೇಸ್ಟ್ ಆಗೋದು ಗ್ಯಾರಂಟಿ.

ನಿಮ್ಮ ಸ್ನೇಹಿತನಿಗೆ ಬೇಗ ಮೆಷಿನ್ ಸಿಕ್ಕಿದ್ದು ಅಲ್ಲಿ ಜನ ಕಡಿಮೆ ಇರುವುದರಿಂದ. ದೊಡ್ಡ ಕಂಪನಿಯಲ್ಲಿ ಒಂದು ಮೆಷಿನ್ ನಿಂತರೆ ಅದರ ಮುಂದಿನ ನಾಲ್ಕು ಕಡೆ ಕೆಲಸ ನಿಲ್ಲುತ್ತದೆ, ಹಾಗಾಗಿ ಹೊಸಬರ ಕೈಗೆ ಕೊಡಲು ಸೂಪರ್‌ವೈಸರ್‌ಗೆ ಧೈರ್ಯ ಬರಲ್ಲ. ಅದನ್ನು ಅವಮಾನ ಅಂದುಕೊಳ್ಳಬೇಡಿ.

ಫೈಲಿಂಗ್ ವಿಷಯಕ್ಕೆ ಬರೋಣ. ಹೊಸಬರು ಉಜ್ಜಿದ ತುಂಡಿನ ಮೇಲೆ ಟ್ರೈ ಸ್ಕ್ವೇರ್ (ಲಂಬಕೋನ ನೋಡುವ ಮಟ್ಟಕೋಲು) ಇಟ್ಟು ಬೆಳಕಿಗೆ ಹಿಡಿದರೆ ಕಥೆ ಗೊತ್ತಾಗುತ್ತದೆ: ನಡುವೆ ಉಬ್ಬು, ಎರಡೂ ಅಂಚಿನಲ್ಲಿ ಬೆಳಕು ಇಣುಕುತ್ತದೆ. ಸ್ಟ್ರೋಕ್ ಶುರುವಿನಲ್ಲಿ ಮುಂದಿನ ಕೈ ಜಾಸ್ತಿ ಒತ್ತಬೇಕು, ಫೈಲ್ ಮುಂದೆ ಹೋಗ್ತಾ ಹೋಗ್ತಾ ಹಿಂದಿನ ಕೈ ಜಾಸ್ತಿ ಒತ್ತಬೇಕು, ಇಲ್ಲದಿದ್ದರೆ ಫೈಲ್ ತೂಗಾಡಿ ಅಂಚು ತಿಂದುಬಿಡುತ್ತದೆ. ಒಂದು ಮೇಲ್ಮೈಯನ್ನು ಸಮ ಮಾಡೋದು ಎಷ್ಟು ಕಷ್ಟ ಅಂತ ಹೀಗೆ ಕೈಗೆ ಗೊತ್ತಾದವರು ಮುಂದೆ ಡಿಸೈನ್‌ಗೆ ಹೋದರೆ ಬೇಕಿಲ್ಲದ ಕಡೆಯೆಲ್ಲ ಟೈಟ್ ಟಾಲರೆನ್ಸ್ (ಅಳತೆಯಲ್ಲಿ ಬಿಡುವ ಹೆಚ್ಚುಕಡಿಮೆಯ ಮಿತಿ) ಹಾಕಲ್ಲ. ಹಾಕುವವರನ್ನು ಶಾಪ್ ಫ್ಲೋರ್‌ನವರು ಏನಂತ ಬೈಯುತ್ತಾರೆ ಅನ್ನೋದನ್ನು ಇಲ್ಲಿ ಬರೆಯೋ ಹಾಗಿಲ್ಲ!

ಇನ್ನು ಇನ್‌ಸ್ಪೆಕ್ಷನ್. ನೀವು ಬೇಜಾರು ಮಾಡಿಕೊಂಡಿರುವ ಆ ಕುರ್ಚಿ ನನ್ನ ಪ್ರಕಾರ ಅಪ್ರೆಂಟಿಸ್‌ಗೆ ಸಿಗಬಹುದಾದ ಒಳ್ಳೇ ಜಾಗ. ಒಂದು ಉದಾಹರಣೆ ಕೊಡ್ತೀನಿ. ಡ್ರಾಯಿಂಗ್‌ನಲ್ಲಿ ಶಾಫ್ಟ್‌ಗೆ (ಯಂತ್ರದ ದುಂಡು ದಂಡ) '50 ಎಚ್6' ಅಂತ ಚಿಕ್ಕಕ್ಷರದ ಎಚ್ ಇದ್ದರೆ ಅದರ ವ್ಯಾಸ 50 ಮಿ.ಮೀ.ಗಿಂತ ಜಾಸ್ತಿ ಇರಬಾರದು, 49.984ಕ್ಕಿಂತ ಕಡಿಮೆ ಇರಬಾರದು. ಅಂದರೆ ಒಟ್ಟು 16 ಮೈಕ್ರಾನ್ (ಒಂದು ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಜಾಗ. ಈಗ ಮೆಷಿನ್‌ನಿಂದ ಇಳಿಸಿದ ಕೂಡಲೇ, ಇನ್ನೂ 50 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವಾಗಲೇ ಒಬ್ಬರು ಅವಸರಕ್ಕೆ ಮೈಕ್ರೋಮೀಟರ್ (ದಪ್ಪ ಅಳೆಯುವ ಸಾಧನ) ಹಿಡಿದರು ಅಂದುಕೊಳ್ಳಿ. 49.990 ಬಂತು, ಓಕೆ ಅಂತ ಬರೆದರು. 20 ಡಿಗ್ರಿಗಿಂತ 30 ಡಿಗ್ರಿ ಹೆಚ್ಚು ಬಿಸಿ ಇರುವುದರಿಂದ ಉಕ್ಕು ಈ ವ್ಯಾಸದಲ್ಲಿ ಸುಮಾರು 17 ಮೈಕ್ರಾನ್ ಹಿಗ್ಗಿರುತ್ತದೆ. ತಣ್ಣಗಾದ ಮೇಲೆ ಅದೇ ಶಾಫ್ಟ್ 49.973ರ ಹತ್ತಿರ ಬಂದು ನಿಲ್ಲುತ್ತದೆ. ನೇರ ಸ್ಕ್ರ್ಯಾಪ್. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ಸೇ ಪ್ರಮಾಣ ಅಂತ ಇಟ್ಟುಕೊಂಡಿರುವುದು ಇದಕ್ಕೇ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1951ರಲ್ಲಿ ಹೊರಡಿಸಿದ ಮೊಟ್ಟಮೊದಲ ಶಿಫಾರಸೇ ಈ ಬಗ್ಗೆ ಇತ್ತು. ರಿಜಿಸ್ಟರ್‌ನಲ್ಲಿ ಬರೀ ನಂಬರ್ ತುಂಬಿಸುವ ಬದಲು ಯಾವ ಪಾರ್ಟ್ ಯಾಕೆ ರಿಜೆಕ್ಟ್ ಆಯ್ತು ಅಂತ ನಿಮ್ಮ ಸ್ವಂತ ನೋಟ್‌ಬುಕ್‌ನಲ್ಲೂ ಬರೆದುಕೊಳ್ಳಿ. ನಮೂನೆ ತಾನಾಗೇ ಕಾಣುತ್ತದೆ.

ದೊಡ್ಡ ಕಂಪನಿಯ ನಿಜವಾದ ತೊಂದರೆ ಬೇರೆ. ಅಲ್ಲಿ ಪ್ರತಿಯೊಬ್ಬರಿಗೂ ಕಾಣೋದು ಒಂದು ಚೂರು ಮಾತ್ರ. ಇದಕ್ಕೆ ನಾನು ಹೇಳುವ ಉಪಾಯ ಒಂದೇ: ಯಾವುದಾದರೂ ಒಂದು ಪಾರ್ಟ್ ಆರಿಸಿಕೊಂಡು ಅದರ ಬೆನ್ನು ಹತ್ತಿ. ನಿಮ್ಮ ಮೇಜಿಗೆ ಬರುವ ಆ ಶಾಫ್ಟ್ ಎಲ್ಲಿಂದ ಬಂತು, ಟರ್ನಿಂಗ್‌ನವರು (ತುಂಡನ್ನು ತಿರುಗಿಸಿ ಉಳಿಯಿಂದ ಕೆತ್ತುವವರು) ಯಾಕೆ ಸ್ವಲ್ಪ ದಪ್ಪವೇ ಬಿಟ್ಟರು, ನಡುವೆ ಹೀಟ್ ಟ್ರೀಟ್‌ಮೆಂಟ್‌ಗೆ (ಕಾಯಿಸಿ ತಣಿಸುವ ಕೆಲಸ) ಹೋಗಿ ಬಂದಾಗ ಅದು ಎಷ್ಟು ಬಾಗಿತ್ತು, ಗ್ರೈಂಡಿಂಗ್‌ನಲ್ಲಿ (ಸಾಣೆ ಹಿಡಿಯುವಾಗ) ಆ ದಪ್ಪ ಹೇಗೆ ಕೆಲಸಕ್ಕೆ ಬಂತು, ಕೊನೆಗೆ ಅಸೆಂಬ್ಲಿಯಲ್ಲಿ ಯಾವ ಬೇರಿಂಗ್ ಒಳಗೆ ಕೂತಿತು, ಇಷ್ಟನ್ನೂ ಊಟದ ಬಿಡುವಲ್ಲೋ ಶಿಫ್ಟ್ ಮುಗಿದ ಮೇಲೋ ಅನುಮತಿ ಕೇಳಿ ಹೋಗಿ ನೋಡಿ. ಡ್ರಾಯಿಂಗ್‌ನ ರಿವಿಷನ್ (ತಿದ್ದುಪಡಿ) ಕಾಲಂ ಕೂಡ ಓದಿ. ಹಿಂದೆ ಏನು ಬದಲಾಯಿಸಿದರು ಅಂತ ಅಲ್ಲಿರುತ್ತದೆ, ಯಾಕೆ ಅಂತ ಹಳಬರನ್ನೇ ಕೇಳಬೇಕು. ಸಣ್ಣ ವರ್ಕ್‌ಶಾಪ್‌ನಲ್ಲಿರುವ ನಿಮ್ಮ ಸ್ನೇಹಿತನಿಗೆ ಇದೆಲ್ಲ ಒಂದೇ ಕಾಂಪೌಂಡ್‌ನಲ್ಲಿ ಸಿಗೋದು ಕಷ್ಟ.

ಆರು ತಿಂಗಳಾದರೂ ಅದೇ ಕುರ್ಚಿ ಅಂದರೆ ಮಾತ್ರ ಟ್ರೇನಿಂಗ್ ವಿಭಾಗಕ್ಕೆ ಲಿಖಿತವಾಗಿ ಕೇಳಿ. ಯಾವಾಗ ಯಾವ ವಿಭಾಗ ಅನ್ನುವ ರೊಟೇಷನ್ ಪಟ್ಟಿ ಸಾಮಾನ್ಯವಾಗಿ ಇರುತ್ತದೆ, ಜಾರಿ ಮಾಡಲು ಮರೆತಿರುತ್ತಾರೆ ಅಷ್ಟೇ.

ಪ್ರಶ್ನೆ: ಸೀನಿಯರ್ ಆಪರೇಟರ್‌ಗಳು ಏನು ಕೇಳಿದರೂ 'ನೀವು ಓದಿದವರು, ನಿಮಗೆ ಗೊತ್ತಿಲ್ವಾ' ಅಂತ ನಗುತ್ತಾರೆ. ಏನು ಮಾಡಲಿ?

ಉತ್ತರ: ನೀವೂ ಜೊತೆಗೆ ನಕ್ಕುಬಿಡಿ ಅಂತಾನೇ ಅವರು ನಗೋದು, ಬೇಜಾರಾಗಬೇಡಿ. ಆದರೆ ನೀವು ಕೇಳುವ ರೀತಿ ನೋಡಿಕೊಳ್ಳಿ. 'ಈ ಮೆಷಿನ್ ಹೇಗೆ ಕೆಲಸ ಮಾಡುತ್ತೆ' ಅಂದರೆ ಎಲ್ಲಿಂದ ಶುರು ಮಾಡೋದು ಹೇಳಿ? 'ಅಣ್ಣ, ಈಗ ಫೀಡ್ ಕಡಿಮೆ ಮಾಡಿದ್ರಲ್ಲ, ಸೌಂಡ್ ಬದಲಾಯ್ತು ಅಂತಾನಾ?' ಅಂತ ಕೇಳಿ ನೋಡಿ (ಫೀಡ್ ಅಂದರೆ ಉಳಿ ಮುಂದೆ ಸಾಗುವ ವೇಗ). ಇವನು ಗಮನಿಸ್ತಿದ್ದಾನೆ ಅಂತ ಗೊತ್ತಾದ ಕೂಡಲೇ ಬಾಯಿ ಬಿಡುತ್ತಾರೆ. ಸೆಟ್ಟಿಂಗ್ ನಡೆಯುವಾಗ ಮಾತ್ರ ಮಾತಾಡಿಸಬೇಡಿ.

ಪ್ರಶ್ನೆ: ಅಪ್ರೆಂಟಿಸ್‌ಶಿಪ್ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡುತ್ತಾ?

ಉತ್ತರ: ಒಪ್ಪಂದದಲ್ಲಿ ಬರೆದಿದ್ದರೆ ಕೊಡುತ್ತೆ. ಬಾಯಿ ಮಾತನ್ನು ನಂಬಿ ಬೇರೆ ಕಡೆ ಅರ್ಜಿ ಹಾಕೋದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಸೇಫ್ಟಿಗೆ ಅಂತ ಲೇತ್ (ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಮೆಷಿನ್) ಮುಂದೆ ಗ್ಲೌಸ್ ಹಾಕಿಕೊಂಡು ನಿಂತಿದ್ದಕ್ಕೆ ಎಲ್ಲರ ಮುಂದೆ ಬೈದರು. ಇದು ಸರೀನಾ?

ಉತ್ತರ: ಬೈದದ್ದು ಸರಿ. ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಗ್ಲೌಸ್‌ನ ಒಂದು ತುದಿ ಸಿಕ್ಕಿದರೆ ಸಾಕು, ಬಟ್ಟೆ ಹರಿಯುವ ಮೊದಲೇ ಕೈಯನ್ನು ಒಳಗೆಳೆದುಕೊಳ್ಳುತ್ತದೆ. ಉದ್ದ ತೋಳು, ಉಂಗುರ, ಕೊರಳಿನ ಐಡಿ ಕಾರ್ಡ್‌ನ ದಾರ ಎಲ್ಲಕ್ಕೂ ಇದೇ ಮಾತು. ಮೆಷಿನ್ ಪೂರ್ತಿ ನಿಂತ ಮೇಲೆ, ಚೂಪಾದ ಅಂಚಿನ ಪಾರ್ಟ್ ಎತ್ತುವಾಗ ಗ್ಲೌಸ್ ಹಾಕಿಕೊಳ್ಳಿ. ಲೋಹದ ಸುರುಳಿಗಳನ್ನು ಬ್ರಷ್ ಅಥವಾ ಕೊಕ್ಕೆಯಿಂದ ತೆಗೆಯಿರಿ, ಬೆರಳಿನಿಂದ ಬೇಡ. ಚಕ್ ಕೀ (ಚಕ್ ಬಿಗಿ ಮಾಡುವ ಕೀಲಿ) ಕೈಯಿಂದ ಬಿಡುವ ಮೊದಲು ಚಕ್‌ನಿಂದ ಹೊರಗೆ ತೆಗೆದಿರಬೇಕು. ಅದನ್ನು ಅಲ್ಲೇ ಮರೆತು ಸ್ವಿಚ್ ಹಾಕಿದರೆ ಬುಲೆಟ್ ಥರ ಹಾರುತ್ತದೆ. ಎಲ್ಲರ ಮುಂದೆ ಬೈಯಬೇಕಿತ್ತಾ ಅಂದರೆ, ಅಷ್ಟು ಹೊತ್ತಿಗೆ ನಿಮ್ಮ ಕೈ ಚಕ್‌ನಿಂದ ಎಷ್ಟು ದೂರ ಇತ್ತು ಅಂತ ನೀವೇ ಬರೆದಿಲ್ಲವಲ್ಲ!