ದಿನಕ್ಕೆ 40 ಆರ್ಡರ್, ಇಬ್ಬರೇ ಜನ: ಪಿಕಿಂಗ್ ಬೇಗ ಮುಗಿಸುವುದು ಹೇಗೆ?

ದಿನಕ್ಕೆ 40 ಆರ್ಡರ್, ಸುಮಾರು 600 ಬಗೆಯ ಸಾಮಾನು, ಕೆಲಸಕ್ಕೆ ಇಬ್ಬರು. ಆದರೂ ಸಂಜೆ ಕೊರಿಯರ್ ಬರುವಷ್ಟರಲ್ಲಿ ಪಿಕಿಂಗ್, ಅಂದರೆ ಆರ್ಡರಿನ ಸಾಮಾನನ್ನು ಗೋದಾಮಿನಿಂದ ಆರಿಸಿ ತರುವ ಕೆಲಸ, ಮುಗಿಯುತ್ತಿಲ್ಲ, ಜೊತೆಗೆ ತಪ್ಪು ಸಾಮಾನು ಬೇರೆ ಹೋಗುತ್ತಿದೆ, ಗೋದಾಮಿನ ಸಾಫ್ಟ್‌ವೇರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನು ನನ್ನ ಅಂಗಡಿಗೆ ಮೊದಲು ಅದನ್ನೇ ತಗೊಂಡೆ. ರ‍್ಯಾಕಿನಲ್ಲಿದ್ದ ಗೊಂದಲ ಹಾಗೇ ಕಂಪ್ಯೂಟರಿಗೂ ಹೋಯಿತು, ಅಷ್ಟೆ.

ಒಂದು ದಿನ ನೀವು ಏನೂ ಮುಟ್ಟಬೇಡಿ. ಗೋದಾಮಿನ ನಕ್ಷೆ ಬರೆದ ಹಾಳೆ, ಪೆನ್ಸಿಲ್ ಹಿಡಿದು ಪಿಕ್ ಮಾಡುವವರ ಹಿಂದೆ ಸುಮ್ನೆ ಓಡಾಡಿ. ಅವರು ಹೋದ ದಾರಿಗೆಲ್ಲ ಗೆರೆ ಎಳೆಯಿರಿ. ನಾನು ಹೀಗೆ ಮಾಡಿದಾಗ ಹತ್ತು ಆರ್ಡರ್ ಮುಗಿಯುವಷ್ಟರಲ್ಲಿ ಹಾಳೆ ಮಗು ಗೀಚಿದ ಹಾಗೆ ಆಗಿತ್ತು. ಪ್ಯಾಕಿಂಗ್ ಮೇಜಿನಿಂದ ಹಿಂದಿನ ಗೋಡೆಯವರೆಗೆ ಒಂದು ಗೆರೆಯಂತೂ ಕಾಗದ ಹರಿಯುವಷ್ಟು ದಪ್ಪ. ಎಲ್ಲಕ್ಕಿಂತ ಜಾಸ್ತಿ ಹೋಗುವ ಮೊಬೈಲ್ ಕವರ್‌ಗಳು ಆ ಮೂಲೆಯಲ್ಲಿದ್ದವು!

ಕೈಯಿಂದ ಪಿಕ್ ಮಾಡುವ ಕಡೆ ಸಾಮಾನ್ಯವಾಗಿ ಅರ್ಧದಷ್ಟು ಸಮಯ ನಡೆಯುವುದಕ್ಕೇ ಹೋಗುತ್ತದೆ. ಅಮೆಜಾನ್ 2012ರಲ್ಲಿ ಕಿವಾ ಎಂಬ ರೋಬೋ ಕಂಪನಿಯನ್ನು ಕೊಂಡಿತು. ಆ ರೋಬೋಗಳ ಕೆಲಸವೇ ಶೆಲ್ಫನ್ನು ಹೊತ್ತು ಜನರ ಹತ್ತಿರ ತರುವುದು. ನಮಗೆ ಅಷ್ಟೆಲ್ಲ ಬೇಡ, ಒಂದು ತಳ್ಳುಗಾಡಿ ಸಾಕು.

ಈಗ ನಿಮ್ಮವರು ಒಂದು ಆರ್ಡರ್ ತಂದಿಟ್ಟು, ಮತ್ತೆ ಇನ್ನೊಂದಕ್ಕೆ ಹೋಗುತ್ತಾರೆ, ಅಲ್ವಾ? ಒಂದು ಸುತ್ತಿಗೆ 50 ಮೀಟರ್ ಅಂದುಕೊಂಡರೂ 40 ಆರ್ಡರಿಗೆ 2 ಕಿಲೋಮೀಟರ್. ಗಾಡಿಯ ಮೇಲೆ 8 ಡಬ್ಬಿ ಇಟ್ಟು, ಒಂದು ಸುತ್ತಿನಲ್ಲಿ 8 ಆರ್ಡರ್ ತನ್ನಿ. ಸುತ್ತು ಉದ್ದವಾಗಿ 120 ಮೀಟರ್ ಆದರೂ 5 ಸುತ್ತಿಗೆ 600 ಮೀಟರ್. ಡಬ್ಬಿಗಳ ಮೇಲೆ 1ರಿಂದ 8ರವರೆಗೆ ದಪ್ಪಕ್ಷರದಲ್ಲಿ ನಂಬರ್ ಇರಲಿ. ಯಾವ ಸಾಮಾನು ಎಷ್ಟು, ಯಾವ ಡಬ್ಬಿಗೆ ಅಂತ ಪಟ್ಟಿಯಲ್ಲೇ ಬರೆದಿರಬೇಕು. ನೆನಪಿನ ಮೇಲೆ ಬಿಟ್ಟರೆ ಕೆಟ್ಟಿರಿ.

ಒಂದೇ ಸಾಮಾನಿನ ಆರ್ಡರ್‌ಗಳನ್ನು ಮಾತ್ರ ಬೇರೆ ಮಾಡಿಕೊಳ್ಳಿ. ಅವಕ್ಕೆ ಡಬ್ಬಿಯೇ ಬೇಡ. ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ತಂದು ಮೇಜಿನ ಮೇಲೆ ಸುರಿಯಿರಿ, ಕೈಗೆ ಸಿಕ್ಕ ಸಾಮಾನಿಗೆ ಅದರ ವಿಳಾಸದ ಚೀಟಿ ಹಚ್ಚುತ್ತಾ ಹೋಗಿ. ಎಷ್ಟೋ ಅಂಗಡಿಗಳಲ್ಲಿ ಇಂಥ ಆರ್ಡರ್‌ಗಳೇ ಜಾಸ್ತಿ.

ಇದೆಲ್ಲ ನಡೆಯಬೇಕಾದರೆ ಪ್ರತಿ ಜಾಗಕ್ಕೂ ಒಂದು ವಿಳಾಸ ಬೇಕು. ಸಾಲು, ರ‍್ಯಾಕ್, ಅಂತಸ್ತು: ಎ-02-3 ಅಂತ. ಇಲ್ಲಿ 2 ಅಂತಲ್ಲ, 02 ಅಂತಲೇ ಬರೆಯಿರಿ. ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಸಾರ್ಟ್ ಮಾಡಿದಾಗ ಎ-10 ಮೊದಲು ಬಂದು ಎ-2 ಆಮೇಲೆ ಬರುತ್ತದೆ, ನಿಮ್ಮ ಹುಡುಗ ಮುಂದೆ ಹೋಗಿ ವಾಪಸ್ ಬರುತ್ತಾನೆ. ಇಂಗ್ಲಿಷಿನ ಓ ಮತ್ತು ಐ ಅಕ್ಷರ ಬಳಸಬೇಡಿ, ಸೊನ್ನೆ ಮತ್ತು ಒಂದರ ಹಾಗೆ ಕಾಣುತ್ತವೆ. ಪಟ್ಟಿಯನ್ನು ಯಾವಾಗಲೂ ಜಾಗದ ಕ್ರಮದಲ್ಲೇ ಪ್ರಿಂಟ್ ಮಾಡಿ. ಗಾಡಿ ಹಿಂದೆ ತಿರುಗಲೇಬಾರದು.

ಜಾಗ ಬದಲಿಸುವ ಮುಂಚೆ ಕಳೆದ ಮೂರು ತಿಂಗಳ ಆರ್ಡರ್ ತೆಗೆದು ಎಣಿಸಿ. ಎಷ್ಟು ಪೀಸ್ ಹೋಯಿತು ಅಂತಲ್ಲ, ಎಷ್ಟು ಆರ್ಡರಿನಲ್ಲಿ ಬಂತು ಅಂತ. ಒಬ್ಬರೇ 50 ಪೀಸ್ ತಗೊಂಡರೆ ಅಲ್ಲಿಗೆ ಹೋಗುವುದು ಒಂದೇ ಸಲ. 50 ಜನ ಒಂದೊಂದು ತಗೊಂಡರೆ ಕೈ ಐವತ್ತು ಸಲ ಹೋಗಬೇಕು. ಹೀಗೆ ಮೇಲೆ ಬಂದವನ್ನು ಮೇಜಿನ ಹತ್ತಿರ, ಸೊಂಟದಿಂದ ಭುಜದ ಎತ್ತರದೊಳಗೆ ಇಡಿ. ಬಗ್ಗುವುದು, ಏಣಿ ಹತ್ತುವುದು ಅಪರೂಪಕ್ಕೆ ಹೋಗುವ ಸಾಮಾನಿಗೆ ಇರಲಿ. ಶೋರೂಮಿನ ಹಾಗೆ ಒಂದೇ ಜಾತಿಯದ್ದೆಲ್ಲ ಒಟ್ಟಿಗೆ ಇಡುವ ಆಸೆ ಬಿಡಿ. ಗೋದಾಮಿಗೆ ಗಿರಾಕಿ ಬರುವುದಿಲ್ಲ.

ತಪ್ಪು ಹೋಗುವುದಕ್ಕೂ ಹೆಚ್ಚಾಗಿ ಈ ಆಸೆಯೇ ಕಾರಣ. ನಮ್ಮಲ್ಲಿ ಒಂದೇ ಮಾಡೆಲ್‌ನ ಕಪ್ಪು ಕವರ್, ಕಡುನೀಲಿ ಕವರ್ ಅಕ್ಕಪಕ್ಕ ಇದ್ದವು. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಹುಡುಗನಿಗೆ ಎಷ್ಟು ಬೈದರೂ ವಾಪಸ್ ಬರುವುದು ನಿಲ್ಲಲಿಲ್ಲ. ಕಡುನೀಲಿಯನ್ನು ಎದುರು ಸಾಲಿಗೆ ಸಾಗಿಸಿದೆ, ಆ ದೂರು ನಿಂತಿತು. ಬೈದದ್ದಕ್ಕೆ ಆಮೇಲೆ ನನಗೇ ಬೇಜಾರಾಯಿತು.

ಜೊತೆಗೆ, ಪಿಕ್ ಮಾಡಿದವರೇ ಪರೀಕ್ಷೆ ಮಾಡಬಾರದು. ಕಣ್ಣು ಒಮ್ಮೆ ನಂಬಿದ್ದನ್ನೇ ಮತ್ತೆ ನೋಡುತ್ತದೆ. ಪ್ಯಾಕ್ ಮಾಡುವವರು ನೋಡಲಿ, ಆದರೆ ಕಣ್ಣಿನಿಂದಲ್ಲ, ಸ್ಕ್ಯಾನರ್‌ನಿಂದ. ಸಾಮಾನ್ಯ ಯುಎಸ್‌ಬಿ ಸ್ಕ್ಯಾನರ್ ಕಂಪ್ಯೂಟರಿಗೆ ಕೀಬೋರ್ಡ್ ಇದ್ದ ಹಾಗೆ. ಬಾರ್‌ಕೋಡ್ ಓದಿ ಆ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ತಾನೇ ಟೈಪ್ ಮಾಡುತ್ತದೆ. ಆರ್ಡರಿನಲ್ಲಿರುವ ಸಾಮಾನಿನ ಬಾರ್‌ಕೋಡ್ ಸಂಖ್ಯೆಗೆ ಅದು ತಾಳೆಯಾಗದಿದ್ದರೆ ಕೆಂಪಾಗುವಂತೆ ಎಕ್ಸೆಲ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಒಂದು ಫಾರ್ಮುಲಾ ಹಾಕಿ.

ಇಬ್ಬರೇ ಇರುವಾಗ ಗೋದಾಮನ್ನು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡುವ ಪದ್ಧತಿಯೆಲ್ಲ ಬೇಡ. ಒಬ್ಬರು ಗಾಡಿ, ಒಬ್ಬರು ಮೇಜು. ಖಾಲಿಯಾದ ಶೆಲ್ಫ್ ತುಂಬುವ ಕೆಲಸ ಬೆಳಿಗ್ಗೆ ಪಿಕಿಂಗ್ ಶುರುವಾಗುವ ಮುಂಚೆಯೇ ಮುಗಿಯಲಿ.

ಹಾಂ, ಗಾಡಿ ಕೊಳ್ಳುವ ಮುಂಚೆ ರ‍್ಯಾಕ್‌ಗಳ ನಡುವಿನ ಅಗಲ ಅಳೆಯಿರಿ. ನನ್ನ ಮೊದಲ ಗಾಡಿ ಸಾಲಿನೊಳಗೆ ಹೋಗಲೇ ಇಲ್ಲ. ಈಗ ಅದರ ಮೇಲೆ ಟೇಪು, ಖಾಲಿ ಪೆಟ್ಟಿಗೆ ಇಡುತ್ತೇವೆ.