ರೀಕಾಲ್ ಆದ ಸಪ್ಲಿಮೆಂಟ್ ಬಾಟಲಿಯನ್ನು ಬಿಸಾಡಿಬಿಡಲಾ?

ಅಕ್ಕ ಅಮೆರಿಕದಿಂದ ತಂದ ಸಪ್ಲಿಮೆಂಟ್ ರೀಕಾಲ್ ಆಗಿದೆ (ಅಂದರೆ ಮಾರಿದ ಮಾಲನ್ನು ವಾಪಸ್ ಪಡೆಯುತ್ತಿದ್ದಾರೆ), ಅಮ್ಮ ಆಗಲೇ ಅರ್ಧ ಬಾಟಲಿ ಮುಗಿಸಿದ್ದಾರೆ, ಬಿಸಾಡಿಬಿಡಲಾ ಅಂತ ಕೇಳಿದ್ದೀರಿ. ಅಮ್ಮನಿಗೆ ಇವತ್ತಿಂದಲೇ ಕೊಡುವುದನ್ನು ನಿಲ್ಲಿಸಿ. ಆದರೆ ಬಾಟಲಿ ಬಿಸಾಡಬೇಡಿ. ಉಳಿದ ಮಾತ್ರೆ ಸಮೇತ ಕವರಿನಲ್ಲಿ ಕಟ್ಟಿ ಎತ್ತಿಡಿ.

ಎಷ್ಟೋ ಸಲ ರೀಕಾಲ್ ಆಗುವುದು ಕೆಲವು ಲಾಟ್ ನಂಬರುಗಳು (ಒಟ್ಟಿಗೆ ತಯಾರಾದ ಬ್ಯಾಚಿನ ನಂಬರು) ಮಾತ್ರ. ಆ ನಂಬರ್ ಬಾಟಲಿಯ ತಳದಲ್ಲೋ ಲೇಬಲ್ಲಿನ ಅಂಚಿನಲ್ಲೋ, ಎಕ್ಸ್‌ಪೈರಿ ತಾರೀಖಿನ ಹತ್ತಿರ ಇರುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೆಬ್‌ಸೈಟಿನ ಪಟ್ಟಿ ತೆಗೆದು ತಾಳೆ ನೋಡಿ. ನಮ್ಮ ಮನೆಯಲ್ಲಿ ಎಡವಟ್ಟಾದದ್ದು ಇಲ್ಲೇ. ಸೂಟ್‌ಕೇಸ್ ತೂಕ ಜಾಸ್ತಿಯಾಗುತ್ತೆ ಅಂತ ನನ್ನ ತಮ್ಮ ಮಾತ್ರೆಗಳನ್ನೆಲ್ಲ ಜಿಪ್ ಕವರಿಗೆ ಸುರಿದು ತಂದಿದ್ದ. ಅಮ್ಮ ಅದನ್ನು ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟರು. ರೀಕಾಲ್ ಸುದ್ದಿ ಬಂದಾಗ ಯಾವ ಲಾಟ್ ಅಂತ ಹೇಳುವವರೇ ಇಲ್ಲ! ಅಷ್ಟೂ ಮಾತ್ರೆ ದಂಡವಾಯಿತು.

ಯಾಕೆ ವಾಪಸ್ ಪಡೆದಿದ್ದಾರೆ ಅನ್ನುವುದನ್ನೂ ಓದಿ. ಐರನ್ ಮಾತ್ರೆಯ ಬಾಟಲಿಗೆ ಮಕ್ಕಳು ತೆಗೆಯಲಾಗದಂಥ ಮುಚ್ಚಳ ಇಲ್ಲ ಅಂತ ರೀಕಾಲ್ ಆದದ್ದಿದೆ. ತೂಕ ಇಳಿಸುವ 'ನ್ಯಾಚುರಲ್' ಮಾತ್ರೆಯಲ್ಲಿ ಸಿಬುಟ್ರಮಿನ್ ಅನ್ನುವ ಔಷಧ ಬಚ್ಚಿಟ್ಟು ಸಿಕ್ಕಿಬಿದ್ದದ್ದೂ ಇದೆ. ಎರಡೂ ಒಂದೇ ಅಲ್ಲ, ಅಲ್ವಾ?

ಬಾಟಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ನಮ್ಮ ಅಮ್ಮಂದಿರು ಬಿಪಿ, ಶುಗರ್ ಮಾತ್ರೆ ಹೆಸರು ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ಅದು 'ಬರೀ ವಿಟಮಿನ್'. 2009ರಲ್ಲಿ ಅಮೆರಿಕದಲ್ಲಿ ಹೈಡ್ರಾಕ್ಸಿಕಟ್ ಅನ್ನುವ ತೂಕ ಇಳಿಸುವ ಸಪ್ಲಿಮೆಂಟ್ ವಾಪಸ್ ಪಡೆದರು. ಆಗ ಎಫ್‌ಡಿಎಗೆ ಕಾಮಾಲೆಯಿಂದ ಹಿಡಿದು ಲಿವರ್ ಬದಲಾಯಿಸುವವರೆಗಿನ 23 ದೂರು ಬಂದಿದ್ದವು, ಲಿವರ್ ಕೈಕೊಟ್ಟು ಒಬ್ಬರು ತೀರಿಕೊಂಡಿದ್ದರು. ಅಮ್ಮನಿಗೆ ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ, ಊಟ ಸೇರದಿದ್ದರೆ ನಾಳೆ ಅನ್ನಬೇಡಿ.

'ಫಾರಿನ್ ಮಾಲು, ಚೆಕ್ ಮಾಡಿಯೇ ಬಿಟ್ಟಿರುತ್ತಾರೆ' ಅನ್ನುವ ನಂಬಿಕೆ ನನಗೂ ಇತ್ತು. ಅಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರುವ ಮೊದಲು ಎಫ್‌ಡಿಎ ಒಪ್ಪಿಗೆಯೇ ಬೇಕಿಲ್ಲ. ಎಷ್ಟೋ ಸಲ ತಪ್ಪು ಗೊತ್ತಾಗುವುದೇ ಜನ ತಿಂದ ಮೇಲೆ.

ಇಲ್ಲೇ ಕೊಂಡ ಮಾಲಾದರೆ ಲೇಬಲ್ಲಿನ ಮೇಲೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಅದನ್ನೂ ಬಿಲ್ಲನ್ನೂ ಇಟ್ಟುಕೊಂಡು ಅವರ ಟೋಲ್‌ಫ್ರೀ ನಂಬರ್ 1800112100ಕ್ಕೆ ದೂರು ಕೊಡಬಹುದು. ನಿಮ್ಮದು ಅಲ್ಲಿಯದು. ಲಾಟ್ ನಂಬರಿನ ಫೋಟೋ ತೆಗೆದು ಅಕ್ಕನಿಗೆ ವಾಟ್ಸಾಪ್ ಮಾಡಿ, ದುಡ್ಡು ವಾಪಸ್ ಕೊಡುತ್ತಾರಾ ಅಂತ ಕಂಪನಿಯನ್ನು ಅವರೇ ಕೇಳಲಿ.