ಟ್ರಾನ್ಸಿಷನಲ್ ಇಯರ್ ಹಿಡಿಯೋ ಮುಂಚೆ

ಅಮೆರಿಕದಲ್ಲಿ ರೇಡಿಯಾಲಜಿ ಮಾಡೋ ಆಸೆ, ಅದಕ್ಕೆ ಮುಂಚಿನ ಒಂದು ವರ್ಷದ ಟ್ರಾನ್ಸಿಷನಲ್ ಇಯರ್ ತರಬೇತಿ ನಮ್ಮ ಹೌಸ್‌ಸರ್ಜನ್ಸಿ (ಎಂಬಿಬಿಎಸ್ ಕೊನೆಯ ಇಂಟರ್ನ್‌ಶಿಪ್) ಥರಾನಾ, ಸದ್ಯಕ್ಕೆ ಅದೊಂದು ಸೀಟು ಹಿಡಿದು ಮುಂದಿನದ್ದು ಅಲ್ಲಿಗೆ ಹೋಗಿ ನೋಡಿಕೊಂಡರೆ ಆಗಲ್ವಾ ಅಂತ ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಹೇಳಿಬಿಡ್ತೀನಿ: ಹಾಗೆ ಮಾಡಬೇಡಿ.

ರೇಡಿಯಾಲಜಿ, ಡರ್ಮಟಾಲಜಿ, ರೇಡಿಯೇಷನ್ ಆಂಕಾಲಜಿ ಮುಂತಾದವುಗಳಲ್ಲಿ ಹೆಚ್ಚಿನವು 'ಅಡ್ವಾನ್ಸ್ಡ್' ಸೀಟುಗಳು, ಅಂದರೆ ಎರಡನೇ ವರ್ಷದಿಂದ ಶುರು. ಮೊದಲ ವರ್ಷದ ಕ್ಲಿನಿಕಲ್ ಕೆಲಸವನ್ನು ಟ್ರಾನ್ಸಿಷನಲ್, ಪ್ರಿಲಿಮ್ ಮೆಡಿಸಿನ್ ಅಥವಾ ಪ್ರಿಲಿಮ್ ಸರ್ಜರಿಯಲ್ಲಿ ಮುಗಿಸಬೇಕು (ಪ್ರಿಲಿಮ್ ಅಂದರೆ ಒಂದೇ ವರ್ಷದ ಸೀಟು). ಈ ವರ್ಷ ಒಂದೇ ಮಾಡಿದರೆ ತಜ್ಞರೆಂದು ಪ್ರಮಾಣೀಕರಿಸೋ ಯಾವ ಬೋರ್ಡ್ ಪರೀಕ್ಷೆಗೂ ಅರ್ಹತೆ ಬರಲ್ಲ. ವಿದೇಶದಲ್ಲಿ ಓದಿದವರಿಗೆ ಅನೇಕ ರಾಜ್ಯಗಳು ಪೂರ್ಣ ಲೈಸೆನ್ಸ್ ಕೊಡೋಕೆ ಒಂದಕ್ಕಿಂತ ಹೆಚ್ಚು ವರ್ಷದ ತರಬೇತಿ ಕೇಳ್ತವೆ. ಜೂನ್ 30ಕ್ಕೆ ಸೀಟು ಮುಗೀತು ಅಂದರೆ ವೀಸಾಕ್ಕೂ ನೆಲೆ ಇಲ್ಲ.

ಸೀಟು ಹಂಚೋ ರಾಷ್ಟ್ರೀಯ ಕಂಪ್ಯೂಟರ್ ವ್ಯವಸ್ಥೆಗೆ ಮ್ಯಾಚ್ ಅಂತಾರೆ. ಅದರಲ್ಲಿ ಜನ ಎಡವೋದು, ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ಬರೆಯೋ ರ್‍ಯಾಂಕ್ ಲಿಸ್ಟಿನಲ್ಲಿ. ಮುಖ್ಯ ಲಿಸ್ಟಿನಲ್ಲಿ ಅಡ್ವಾನ್ಸ್ಡ್ ಸೀಟುಗಳನ್ನು ಹಾಕಿ, ಪ್ರತಿಯೊಂದಕ್ಕೂ ಒಂದು ಸಪ್ಲಿಮೆಂಟಲ್ ಲಿಸ್ಟ್ ಜೋಡಿಸಿ, ಅದರಲ್ಲಿ ಮೊದಲ ವರ್ಷದ ಸೀಟುಗಳನ್ನು ಬರೀಬೇಕು. ಅಡ್ವಾನ್ಸ್ಡ್ ಸಿಕ್ಕರೆ ಮಾತ್ರ ಕಂಪ್ಯೂಟರ್ ಆ ಸಪ್ಲಿಮೆಂಟಲ್ ಲಿಸ್ಟನ್ನು ತೆರೆದು ನೋಡುತ್ತೆ. ಅದರಲ್ಲಿ ಯಾವುದೂ ಸಿಗದಿದ್ದರೂ ಅಡ್ವಾನ್ಸ್ಡ್ ಸೀಟು ನಿಮ್ಮದೇ. ಮೊದಲ ವರ್ಷವನ್ನು ಮ್ಯಾಚ್ ವಾರದಲ್ಲೇ ಉಳಿದ ಸೀಟುಗಳನ್ನು ತುಂಬೋ ಸೋಪ್ ಸುತ್ತಿನಲ್ಲಿ ಹುಡುಕಬಹುದು. ಅದೇ ಟ್ರಾನ್ಸಿಷನಲ್ ಸೀಟನ್ನು 'ಇರಲಿ' ಅಂತ ಮುಖ್ಯ ಲಿಸ್ಟಿನ ಕೆಳಗೆ ಬರೆದರೆ, ಮೇಲಿನವು ಕೈತಪ್ಪಿದಾಗ ಒಂಟಿ ಒಂದು ವರ್ಷಕ್ಕೆ ಮ್ಯಾಚ್ ಆಗಿಬಿಡ್ತೀರಿ. ಆ ಮ್ಯಾಚ್ ಬದ್ಧ ಒಪ್ಪಂದ, ಮನಸ್ಸು ಬದಲಾಯ್ತು ಅಂತ ಬಿಡೋ ಹಾಗಿಲ್ಲ.

ಇನ್ನೊಂದು ಮಾತು. ಡರ್ಮಟಾಲಜಿ, ರೇಡಿಯಾಲಜಿಗೆ ಹೊರಟ ಅಲ್ಲಿನ ಹುಡುಗ ಹುಡುಗಿಯರೇ ಟ್ರಾನ್ಸಿಷನಲ್ ಸೀಟಿಗೆ ಮುಗಿಬೀಳ್ತಾರೆ, ಎಲೆಕ್ಟಿವ್ (ತಾವೇ ಆರಿಸಿಕೊಳ್ಳೋ ವಿಭಾಗ) ಹೆಚ್ಚು, ವಾರ್ಡ್ ಕಡಿಮೆ ಅಂತ. ನಮ್ಮವರು ಪ್ರಿಲಿಮ್ ಮೆಡಿಸಿನ್‌ಗೂ ಧಾರಾಳವಾಗಿ ಅರ್ಜಿ ಹಾಕೋದು ಜಾಣತನ. ಸೋಪ್‌ನಲ್ಲಿ ಉಳಿದಿರೋದು ಬಹುಪಾಲು ಪ್ರಿಲಿಮ್ ಸರ್ಜರಿ. ರೇಡಿಯಾಲಜಿಗೆ ಅದೂ ನಡೆಯುತ್ತೆ, ಆದರೆ ಮೈ ಹಣ್ಣಾಗುತ್ತೆ.

ಈಗ ಹೌಸ್‌ಸರ್ಜನ್ಸಿಯ ಹೋಲಿಕೆ. ರೊಟೇಷನ್ ಇರೋದು ಬಿಟ್ಟರೆ ಸಾಮ್ಯ ಕಡಿಮೆ. ಕನಿಷ್ಠ 4 ವಾರ ಎಮರ್ಜೆನ್ಸಿ, 8 ವಾರ ಎಲೆಕ್ಟಿವ್, ಉಳಿದದ್ದರಲ್ಲಿ ವಾರ್ಡ್, ಐಸಿಯು, ಹೊರರೋಗಿ ವಿಭಾಗ. ಎಲೆಕ್ಟಿವ್ ಎಲ್ಲಾ ರೇಡಿಯಾಲಜಿಯಲ್ಲೇ ಕಳೀಬೇಡಿ. ರೇಡಿಯಾಲಜಿ ಸೀಟಿಗೆ ಮೊದಲ ವರ್ಷದಲ್ಲಿ ಕನಿಷ್ಠ 36 ವಾರ ರೋಗಿಗಳ ನೇರ ಆರೈಕೆ ಬೇಕು. ರಕ್ತ ತೆಗೆಯೋದು, ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡೋದು, ಟ್ರಾಲಿ ತಳ್ಳೋದು ಸಾಮಾನ್ಯವಾಗಿ ನಿಮ್ಮ ಕೆಲಸ ಅಲ್ಲ. ಆರ್ಡರ್, ನೋಟ್ಸ್, ಔಷಧಿ ಪಟ್ಟಿ ತಾಳೆ ನೋಡೋದು, ಡಿಸ್ಚಾರ್ಜ್ ಸಮರಿ ನಿಮ್ಮದು. ಕೆಲಸದ ಅವಧಿ 4 ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮೀರುವಂತಿಲ್ಲ, ಅದೇ ಲೆಕ್ಕದಲ್ಲಿ 7 ದಿನಕ್ಕೊಂದು ರಜೆ. ಗಂಟೆಗಳನ್ನು ನೀವೇ ದಾಖಲಿಸಬೇಕು, ಕಡಿಮೆ ತೋರಿಸಿ ಒಳ್ಳೆಯವರಾಗೋಕೆ ಹೋಗಬೇಡಿ.

ನಮ್ಮವರಿಗೆ ತೊಡಕಾಗೋದು ವೈದ್ಯಕೀಯ ಜ್ಞಾನ ಅಲ್ಲ, ಸೈನ್‌ಔಟ್, ಅಂದರೆ ಡ್ಯೂಟಿ ಮುಗಿದಾಗ ರೋಗಿಗಳನ್ನು ಮುಂದಿನವರಿಗೆ ಒಪ್ಪಿಸೋದು. ರಾತ್ರಿ ನೀವು ಮುಖವನ್ನೇ ನೋಡದ ರೋಗಿಗಳ ಹೊಣೆ ಬರುತ್ತೆ. 2 ಗಂಟೆಗೆ ನರ್ಸ್ ಪೇಜ್ ಮಾಡ್ತಾರೆ: ಪೊಟ್ಯಾಸಿಯಂ 6.2, ಅಂದರೆ ಅಪಾಯದಷ್ಟು ಹೆಚ್ಚು. ಮೊದಲು ಹಾಸಿಗೆ ಹತ್ತಿರ ಹೋಗಿ ರೋಗಿಯನ್ನು ನೋಡಿ, ಇಸಿಜಿ ತೆಗೆಸಿ, ಸ್ಯಾಂಪಲ್ ಹೀಮೊಲೈಸ್ ಆಗಿದೆಯಾ (ರಕ್ತಕಣ ಒಡೆದು ಸುಳ್ಳು ಏರಿಕೆ ತೋರಿಸ್ತಿದೆಯಾ) ಅಂತ ಕೇಳಿ ಮತ್ತೆ ಕಳಿಸಿ. ಇಸಿಜಿಯಲ್ಲಿ ಬದಲಾವಣೆ ಇದ್ದರೆ ಮರುಪರೀಕ್ಷೆಗೆ ಕಾಯದೆ ಕ್ಯಾಲ್ಸಿಯಂ ಕೊಟ್ಟು, ಸೀನಿಯರ್‌ಗೆ ಫೋನ್ ಮಾಡಿ. ಸಂಜೆ ಒಪ್ಪಿಸಿದವರು 'ಡಯಾಲಿಸಿಸ್ ನಾಳೆ, 6 ದಾಟಿದರೆ ನೆಫ್ರಾಲಜಿಗೆ ತಿಳಿಸಿ' ಅಂತ ಒಂದು ಸಾಲು ಬರೆದಿದ್ದರೆ ಅರ್ಧ ಕೆಲಸ ಮುಗಿದಂತೆ. ನೀವು ಒಪ್ಪಿಸುವಾಗಲೂ ಹಾಗೇ ಬರೀರಿ. ಸೀನಿಯರ್‌ಗೆ ಫೋನ್ ಮಾಡಿದರೆ ಬೈತಾರೆ ಅನ್ನೋ ನಮ್ಮ ಹಳೇ ಭಯವನ್ನು ವಿಮಾನ ಹತ್ತೋ ಮುಂಚೆ ಬಿಟ್ಟುಬಿಡಿ. ಅಲ್ಲಿ ಕರೆಯದೇ ಇದ್ದವರಿಗೇ ಕೆಟ್ಟ ರಿಪೋರ್ಟ್.

ಕಾಗದಪತ್ರದ ವಿಷಯ. ಮ್ಯಾಚ್ ದಿನ ಮಾರ್ಚಿನ ಮೂರನೇ ಶುಕ್ರವಾರ, ಓರಿಯೆಂಟೇಷನ್ ಜೂನ್ ನಡುವಿಗೆ. ಅಷ್ಟರಲ್ಲಿ ಜೆ-1 (ತರಬೇತಿಗೆ ಬರೋರ ವಿನಿಮಯ) ವೀಸಾಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಸ್ಟೇಟ್‌ಮೆಂಟ್ ಆಫ್ ನೀಡ್ (ಈ ಸ್ಪೆಷಾಲಿಟಿಯ ವೈದ್ಯರು ದೇಶಕ್ಕೆ ಬೇಕು ಅನ್ನೋ ಪತ್ರ), ಡಿಎಸ್-2019 (ವೀಸಾ ಅರ್ಹತಾ ಪತ್ರ), ಕಾನ್ಸುಲೇಟ್ ಸಂದರ್ಶನ ಎಲ್ಲಾ ಆಗಬೇಕು. ಸ್ಟೇಟ್‌ಮೆಂಟ್‌ನಲ್ಲಿ ಯಾವ ಸ್ಪೆಷಾಲಿಟಿ ಬರೆಸಬೇಕು ಅಂತ ಆಸ್ಪತ್ರೆಯ ವೀಸಾ ಸಂಪರ್ಕಾಧಿಕಾರಿಯಿಂದ ಇ-ಮೇಲ್‌ನಲ್ಲೇ ಕೇಳಿ ಪಡೀರಿ. ತಪ್ಪಿದರೆ ದೆಹಲಿಯಿಂದ ಮತ್ತೆ ತರಿಸಬೇಕು. ಕಾಲೇಜು, ವಿಶ್ವವಿದ್ಯಾಲಯ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪತ್ರಗಳನ್ನು ಮಾರ್ಚಿಗೆ ಕಾಯದೆ ಜನವರಿಯಲ್ಲೇ ಮಾಡಿಸಿಡಿ. ರಾಜ್ಯದ 2012ರ ಕಡ್ಡಾಯ ಸೇವಾ ಕಾಯ್ದೆಯಡಿ ನಿಮ್ಮ ಬಾಕಿ ಏನಾದರೂ ಇದೆಯಾ ಅಂತಲೂ ಆಗಲೇ ವಿಚಾರಿಸಿ. ಎಚ್-1ಬಿ ಉದ್ಯೋಗ ವೀಸಾ ಬೇಕಾದರೆ ಮೊದಲೇ ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತವಾದ ಸ್ಟೆಪ್ 3 ಪಾಸಾಗಿರಬೇಕು. ಜೆ-1 ಆದರೆ ಆ ಎರಡು ದಿನದ ಪರೀಕ್ಷೆಯನ್ನು ಎಲೆಕ್ಟಿವ್ ತಿಂಗಳಲ್ಲಿ ಬರೆದು ಮುಗಿಸಬಹುದು.

ಮೊದಲ ವರ್ಷ ಒಂದು ಊರು, ರೇಡಿಯಾಲಜಿ ಇನ್ನೊಂದು ರಾಜ್ಯ ಆದರೆ ಡಿಎಸ್-2019, ತರಬೇತಿ ಲೈಸೆನ್ಸ್ ಎರಡೂ ಹೊಸದಾಗಿ ಆಗಬೇಕು. ಲೈಸೆನ್ಸಿಗೆ ತಿಂಗಳುಗಟ್ಟಲೆ ಹಿಡಿಯೋದರಿಂದ ಚಳಿಗಾಲದಲ್ಲೇ ಶುರು ಮಾಡಿ. ಹೊಸ ಆಸ್ಪತ್ರೆಯ ಓರಿಯೆಂಟೇಷನ್ ಜೂನ್ ಕೊನೆಯ ವಾರದಲ್ಲೇ ಇರಬಹುದು, ಹಳೆಯದರ ಡ್ಯೂಟಿ 30ರವರೆಗೆ. ಹಾಗಾಗಿ ಕೊನೇ ವಾರದ ರಜೆಯನ್ನು, ರಜಾಪಟ್ಟಿ ತಯಾರಾಗೋ ಹಿಂದಿನ ಬೇಸಿಗೆಯಲ್ಲೇ ಚೀಫ್ ರೆಸಿಡೆಂಟ್ ಹತ್ತಿರ ಹೇಳಿ ಕಾಯ್ದಿರಿಸಿಕೊಳ್ಳಿ.